ಕೂಗಿದಾಗ ಇಲ್ಲದವನ ಅರ್ಜಿ

ಕನ್ನಡ ನಾಡಿನ ಕೋರ್ಟು ಕಚೇರಿಗಳಲ್ಲಿ ದಿನವೂ ಕೇಳಿಬರುವ ಎರಡು ಪದಗಳಿವೆ: ಹಾಜರು ಮತ್ತು ಗೈರುಹಾಜರು. ಅರ್ಜಿ, ವಕೀಲ, ಜಾಮೀನು, ಅದಾಲತ್ತು ಎಂಬ ಪದಗಳಂತೆ ಇವೂ ಅರಬಿ-ಪಾರಸಿ ಮೂಲದವು. ಹಳೆಯ ಆಡಳಿತಗಳ ಜೊತೆ ಬಂದು ಹಳ್ಳಿಯ ರೈತನ ನಾಲಿಗೆಯಲ್ಲೂ ನೆಲೆಸಿದವು. ನ್ಯಾಯಾಲಯದ ಬಾಗಿಲಲ್ಲಿ ನಿಂತ ಜವಾನ ಹೆಸರು ಹಿಡಿದು ಕೂಗುತ್ತಾನೆ. ಓಗೊಟ್ಟವನ ಕೆಲಸ ಮುಂದೆ ಸಾಗುತ್ತದೆ. ಓಗೊಡದವನ ಕಡತದ ಮೇಲೆ ಒಂದು ಸಾಲು ಬೀಳುತ್ತದೆ: ಅರ್ಜಿದಾರರು ಗೈರುಹಾಜರು, ಅರ್ಜಿ ವಜಾ.

ಈ ಒಂದು ಸಾಲಿನ ಹಿಂದಿರುವ ಚರಿತ್ರೆಯನ್ನು ನಾವಿಲ್ಲಿ ನೋಡಹೊರಟಿದ್ದೇವೆ. ಎಲ್ಲ ಬಗೆಯ ಅರ್ಜಿಗಳದ್ದಲ್ಲ. ಕ್ರಿಮಿನಲ್ ಮೊಕದ್ದಮೆಯನ್ನು ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ವರ್ಗಾಯಿಸಿರಿ ಎಂದು ಕೇಳುವ ಅರ್ಜಿಯದ್ದು ಮಾತ್ರ. ಇಂತಹ ಅರ್ಜಿ ಸಲ್ಲಿಸುವವರು ಯಾರು? ಈ ಊರಿನಲ್ಲಿ ನನಗೆ ನ್ಯಾಯ ಸಿಗದು ಎಂದು ಹೆದರಿದವನು, ಸಾಕ್ಷಿ ಹೇಳಲು ಬಂದರೆ ಜೀವ ಉಳಿಯದು ಎನ್ನುವವಳು, ದೂರದ ಊರಿಗೆ ಪ್ರತಿ ವಾಯಿದೆಗೂ ಬಂದುಹೋಗುವ ಶಕ್ತಿ ಇಲ್ಲದವರು. ಅಂದರೆ ಹಾಜರಾಗುವುದು ಯಾರಿಗೆ ಕಷ್ಟವೋ ಅವರೇ ವರ್ಗಾವಣೆ ಕೇಳುತ್ತಾರೆ. ಹಾಜರಾಗಲಿಲ್ಲ ಎಂಬ ಕಾರಣಕ್ಕೇ ಅವರ ಅರ್ಜಿ ಬಿದ್ದುಹೋದರೆ ಅದನ್ನು ಏನೆನ್ನಬೇಕು?

ಜನರ ಬಳಿಗೆ ಬರುತ್ತಿದ್ದ ನ್ಯಾಯಾಲಯ

ವಿಚಾರಣೆ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆ ಹೊಸದೇನಲ್ಲ. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದ ಸದರ್ ನಿಜಾಮತ್ ಅದಾಲತ್ತನ್ನು ಮುರ್ಷಿದಾಬಾದಿನಿಂದ ಕಲ್ಕತ್ತಾಕ್ಕೆ ಸಾಗಿಸಿದ. ಅದರೊಂದಿಗೇ ನಾಲ್ಕು ಸಂಚಾರಿ ನ್ಯಾಯಾಲಯಗಳನ್ನು ಏರ್ಪಡಿಸಿದ. ಕಂಪೆನಿಯ ಅಧಿಕಾರಿಗಳು ಖಾಜಿ ಹಾಗೂ ಮುಫ್ತಿಯವರ ನೆರವಿನೊಂದಿಗೆ ಜಿಲ್ಲೆಯಿಂದ ಜಿಲ್ಲೆಗೆ ತಿರುಗಿ ವಿಚಾರಣೆ ನಡೆಸುತ್ತಿದ್ದರು. ಆ ವ್ಯವಸ್ಥೆಯಲ್ಲಿ ದೋಷಗಳು ಬೇಕಾದಷ್ಟಿದ್ದವು. ನ್ಯಾಯಾಧೀಶರು ಬರುವವರೆಗೆ ಕೈದಿಗಳು ತಿಂಗಳುಗಟ್ಟಲೆ ಕೊಳೆಯಬೇಕಿತ್ತು. ಆದರೂ ಅದರ ಹಿಂದೆ ಒಂದು ವಿಚಾರವಿತ್ತು. ಜನರು ನ್ಯಾಯಾಲಯದ ಬಳಿಗೆ ಹೋಗುವ ಬದಲು ನ್ಯಾಯಾಲಯವೇ ಜನರ ಬಳಿಗೆ ಬರುತ್ತಿತ್ತು. 1829ರಲ್ಲಿ ಬೆಂಟಿಂಕ್ ಈ ಸಂಚಾರಿ ನ್ಯಾಯಾಲಯಗಳನ್ನು ರದ್ದುಪಡಿಸಿದ.

ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಸಮಸ್ಯೆ ಎದ್ದಿತ್ತು. ಸ್ಟಾಫರ್ಡ್‌ಶೈರಿನ ರೂಜ್ಲಿ ಎಂಬ ಊರಿನ ವೈದ್ಯ ವಿಲಿಯಂ ಪಾಮರ್ ತನ್ನ ಗೆಳೆಯನಿಗೆ ವಿಷ ಹಾಕಿ ಕೊಂದ ಆರೋಪಕ್ಕೆ ಒಳಗಾದ. ಇಡೀ ಜಿಲ್ಲೆ ಅವನ ಮೇಲೆ ಕುದಿಯುತ್ತಿತ್ತು. ಅಲ್ಲಿ ನಿಷ್ಪಕ್ಷಪಾತಿ ಜ್ಯೂರಿ ಸಿಗುವುದಿಲ್ಲ ಎಂದು ಮನಗಂಡ ಪಾರ್ಲಿಮೆಂಟು 1856ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿ ವಿಚಾರಣೆಯನ್ನು ಲಂಡನ್ನಿನ ಓಲ್ಡ್ ಬೈಲಿಗೆ ವರ್ಗಾಯಿಸಲು ದಾರಿ ಮಾಡಿತು. ಪಾಮರ್ ಅಪರಾಧಿ ಎಂದು ತೀರ್ಮಾನವಾಯಿತು, ಗಲ್ಲಿಗೂ ಏರಿದ. ಆದರೆ ಊರೆಲ್ಲ ದ್ವೇಷಿಸುವ ಮನುಷ್ಯನಿಗೂ ದ್ವೇಷವಿಲ್ಲದ ಜಾಗದಲ್ಲಿ ವಿಚಾರಣೆ ನಡೆಯಬೇಕು ಎಂಬ ತತ್ತ್ವ ಅಲ್ಲಿ ಗಟ್ಟಿಯಾಯಿತು.

ಭಾರತದಲ್ಲಿ ಈ ತತ್ತ್ವ ಕಾನೂನಿನ ರೂಪ ತಳೆದದ್ದು ಹೈಕೋರ್ಟುಗಳ ಮೂಲಕ. 1865ರ ಲೆಟರ್ಸ್ ಪೇಟೆಂಟಿನ 29ನೇ ಕಲಮು ಕಲ್ಕತ್ತಾ, ಬೊಂಬಾಯಿ, ಮದರಾಸು ಹೈಕೋರ್ಟುಗಳಿಗೆ ಕ್ರಿಮಿನಲ್ ಮೊಕದ್ದಮೆಗಳನ್ನು ವರ್ಗಾಯಿಸುವ ಅಧಿಕಾರ ಕೊಟ್ಟಿತು. ಬಳಿಕ ದಂಡ ಪ್ರಕ್ರಿಯಾ ಸಂಹಿತೆಯ 526ನೇ ಕಲಮು ಅದನ್ನು ವಿವರವಾಗಿ ಬರೆಯಿತು. ನಿಷ್ಪಕ್ಷಪಾತ ವಿಚಾರಣೆ ಸಾಧ್ಯವಿಲ್ಲ ಎಂದು ಕಂಡರೆ, ಕಕ್ಷಿದಾರರಿಗೂ ಸಾಕ್ಷಿಗಳಿಗೂ ಅನುಕೂಲವಾಗುವುದಾದರೆ, ನ್ಯಾಯದ ಹಿತಕ್ಕೆ ಅಗತ್ಯವಾದರೆ ಹೈಕೋರ್ಟು ಮೊಕದ್ದಮೆಯನ್ನು ಬೇರೆಡೆಗೆ ಕಳುಹಿಸಬಹುದಿತ್ತು. ಒಂದು ಪ್ರಾಂತದಿಂದ ಇನ್ನೊಂದಕ್ಕೆ ಕಳುಹಿಸುವ ಅಧಿಕಾರ ಗವರ್ನರ್ ಜನರಲ್ ಕೈಯಲ್ಲಿತ್ತು. ಸ್ವಾತಂತ್ರ್ಯಾನಂತರ ಅದು ಸುಪ್ರೀಂ ಕೋರ್ಟಿಗೆ ಬಂತು. 1973ರ ಸಂಹಿತೆಯಲ್ಲಿ ಇವು 406, 407, 408ನೇ ಕಲಮುಗಳಾದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 446, 447, 448 ಎಂಬ ಸಂಖ್ಯೆ ಹೊತ್ತಿವೆ.

ನ್ಯಾಯಾಧೀಶರ ಬೇಸರಕ್ಕೂ ಕಾರಣವಿದೆ

ಇಲ್ಲಿ ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ವರ್ಗಾವಣೆಯ ಹಕ್ಕು ದುರುಪಯೋಗ ಆಗದ್ದೇನಲ್ಲ. 1898ರ ಸಂಹಿತೆಯಲ್ಲಿ ಒಂದು ವಿಚಿತ್ರ ಅನುಕೂಲವಿತ್ತು. ತಾನು ವರ್ಗಾವಣೆಗೆ ಅರ್ಜಿ ಹಾಕಲಿದ್ದೇನೆ ಎಂದು ಕಕ್ಷಿದಾರ ತಿಳಿಸಿದರೆ ಸಾಕು, ಕೆಳ ನ್ಯಾಯಾಲಯ ವಿಚಾರಣೆಯನ್ನು ಮುಂದೂಡಲೇಬೇಕಿತ್ತು. ಅರ್ಜಿ ಹಾಕುವ ಇರಾದೆಯೇ ಇಲ್ಲದವರೂ ಈ ಮಾತು ಹೇಳಿ ವಾಯಿದೆ ಗಿಟ್ಟಿಸಿಕೊಳ್ಳುತ್ತಿದ್ದರು. ಹೀಗಾಗಿ ನಂತರದ ತಿದ್ದುಪಡಿಗಳಲ್ಲಿ, ಗೊತ್ತಾದ ಅವಧಿಯೊಳಗೆ ಅರ್ಜಿ ಹಾಕುತ್ತೇನೆಂದು 200 ರೂಪಾಯಿವರೆಗಿನ ಮುಚ್ಚಳಿಕೆ ಬರೆಸಿಕೊಳ್ಳಲು ಅವಕಾಶ ಮಾಡಲಾಯಿತು. ಕಿರುಕುಳಕ್ಕಾಗಿಯೇ ಹಾಕಿದ ಅರ್ಜಿ ಎಂದು ಕಂಡರೆ ಎದುರು ಪಕ್ಷಕ್ಕೆ ಪರಿಹಾರ ಕೊಡಿಸುವ ನಿಯಮವೂ ಬಂತು. 1973ರ ಸಂಹಿತೆ ಕಡ್ಡಾಯ ಮುಂದೂಡಿಕೆಯನ್ನು ಉಳಿಸಿಕೊಳ್ಳಲಿಲ್ಲ. ಪರಿಹಾರದ ಮಿತಿಯನ್ನು 1000 ರೂಪಾಯಿ ಎಂದು ನಿಗದಿಪಡಿಸಿತು.

ತಡೆಯಾಜ್ಞೆ ಸಿಗುವವರೆಗೆ ಓಡಾಡಿ, ಸಿಕ್ಕ ಮೇಲೆ ನ್ಯಾಯಾಲಯದತ್ತ ತಲೆಹಾಕದ ಆರೋಪಿಗಳು ಅಂದೂ ಇದ್ದರು, ಇಂದೂ ಇದ್ದಾರೆ. ಅಂಥವರಿಗೆ ಗೈರುಹಾಜರಿಯೂ ಒಂದು ಆಯುಧ. ಅವರ ಅರ್ಜಿಯನ್ನು ವಜಾ ಮಾಡಿ ವಿಚಾರಣೆ ಮುಂದುವರಿಸುವ ನ್ಯಾಯಾಧೀಶರನ್ನು ದೂರಲು ಸಾಧ್ಯವಿಲ್ಲ. ಪ್ರಶ್ನೆ ಇರುವುದು, ಆ ಅರ್ಜಿದಾರನಿಗೂ ಬಸ್ಸಿನ ಹಣವಿಲ್ಲದೆ ಊರಲ್ಲೇ ಉಳಿದ ಅರ್ಜಿದಾರಳಿಗೂ ಒಂದೇ ಸಾಲಿನ ಆದೇಶ ಸಾಕೇ ಎಂಬಲ್ಲಿ.

ಮೂರು ಗೈರುಹಾಜರಿ, ಮೂರು ನ್ಯಾಯ

ನಮ್ಮ ಕ್ರಿಮಿನಲ್ ಕಾನೂನು ಗೈರುಹಾಜರಿಯನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಮೊದಲನೆಯದು ಫಿರ್ಯಾದಿಯ ಗೈರುಹಾಜರಿ. ಸಮನ್ಸ್ ಮೊಕದ್ದಮೆಯಲ್ಲಿ ಖಾಸಗಿ ದೂರು ಕೊಟ್ಟವನು ವಾಯಿದೆಯಂದು ಬಾರದಿದ್ದರೆ ಆರೋಪಿಯನ್ನು ಖುಲಾಸೆ ಮಾಡಬಹುದು ಎಂದು 1973ರ ಸಂಹಿತೆಯ 256ನೇ ಕಲಮು ಹೇಳುತ್ತಿತ್ತು. ಈ ನಿಯಮ ಎಷ್ಟು ಕಠಿಣ ಎಂಬುದು ಶಾಸಕಾಂಗಕ್ಕೂ ಹೊಳೆದಿರಬೇಕು. ಹೊಸ ಸಂಹಿತೆಯ 279ನೇ ಕಲಮಿನಲ್ಲಿ, ಫಿರ್ಯಾದಿಗೆ ಹಾಜರಾಗಲು 30 ದಿನಗಳ ಕಾಲಾವಕಾಶ ಕೊಟ್ಟ ಬಳಿಕವೇ ಇಂತಹ ಆದೇಶ ಎಂದು ಸೇರಿಸಲಾಗಿದೆ.

ಎರಡನೆಯದು ಮೇಲ್ಮನವಿದಾರನ ಗೈರುಹಾಜರಿ. ಶಿಕ್ಷೆಗೊಳಗಾದವನು ಮೇಲ್ಮನವಿ ಸಲ್ಲಿಸಿ, ವಿಚಾರಣೆಯ ದಿನ ಅವನೂ ಬರಲಿಲ್ಲ, ಅವನ ವಕೀಲರೂ ಬರಲಿಲ್ಲ. ಆಗ? 1971ರಲ್ಲಿ ಶ್ಯಾಮ್ ದೇವ್ ಪಾಂಡೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಂಗೀಕರಿಸಿದ ಮೇಲ್ಮನವಿಯನ್ನು ಕಡತ ನೋಡದೆ ತಳ್ಳಿಹಾಕುವಂತಿಲ್ಲ ಎಂದಿತು. 1987ರಲ್ಲಿ ರಾಮ್ ನರೇಶ್ ಯಾದವ್ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ವಕೀಲರನ್ನು ಕೇಳದೆ ಗುಣಾವಗುಣದ ಮೇಲೆ ತೀರ್ಪು ಕೊಡುವುದೂ ಸರಿಯಲ್ಲ ಎಂದಿತು. 1996ರ ಬಾನಿ ಸಿಂಗ್ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇವೆರಡನ್ನೂ ತೂಗಿ ನೋಡಿತು. ಅರ್ಜಿದಾರ ಬಾರದಿದ್ದರೆ ಮತ್ತೆ ಮತ್ತೆ ಮುಂದೂಡಬೇಕಾಗಿಲ್ಲ, ಆದರೆ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ವಜಾ ಮಾಡಲೂಬಾರದು. ಕಡತ ಮತ್ತು ಕೆಳ ನ್ಯಾಯಾಲಯದ ತೀರ್ಪನ್ನು ಓದಿ ನ್ಯಾಯ ತೀರ್ಮಾನಿಸಬೇಕು. ಆತ ಜೈಲಿನಲ್ಲಿದ್ದರೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬಹುದು ಎಂದು ತಿಳಿಸಿತು. ನಮ್ಮ ರಾಜ್ಯದಿಂದಲೇ ಹೋದ ಕೆ.ಎಸ್. ಪಾಂಡುರಂಗ ಮೊಕದ್ದಮೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಇದೇ ದಾರಿಯನ್ನು ಎತ್ತಿಹಿಡಿಯಿತು. ವಕೀಲರು ಬಾರದಿದ್ದಾಗ ಕರ್ನಾಟಕ ಹೈಕೋರ್ಟು ಕಡತ ಪರಿಶೀಲಿಸಿ ಮೇಲ್ಮನವಿಯನ್ನು ತೀರ್ಮಾನಿಸಿದ್ದು ತಪ್ಪಲ್ಲ ಎಂದಿತು.

ಮೂರನೆಯದು ವರ್ಗಾವಣೆ ಕೇಳಿದವನ ಗೈರುಹಾಜರಿ. ಇಲ್ಲಿ ಸಂಹಿತೆ ಮೌನವಾಗಿದೆ. ಅರ್ಜಿಗೆ ಪ್ರಮಾಣಪತ್ರ ಲಗತ್ತಿಸಬೇಕು, ಆರೋಪಿಯೇ ಅರ್ಜಿದಾರನಾಗಿದ್ದರೆ ಸರ್ಕಾರಿ ಅಭಿಯೋಜಕರಿಗೆ ತಿಳಿಸಬೇಕು ಎಂದೆಲ್ಲ ಬರೆದಿರುವ ಕಾನೂನು, ಅರ್ಜಿದಾರ ಬಾರದಿದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ರೂಢಿ. ಒಂದೆರಡು ವಾಯಿದೆ ನೋಡಿ, ಅರ್ಜಿ ನಡೆಸುವ ಆಸಕ್ತಿ ಇಲ್ಲವೆಂದು ಬರೆದು ವಜಾ ಮಾಡುವುದು ನಡೆದು ಬಂದಿದೆ.

ಹೀಗೆ ಬಿದ್ದ ಅರ್ಜಿಯ ಗುಣಾವಗುಣ ನಿರ್ಣಯವಾಗಿರುವುದಿಲ್ಲವಾದ್ದರಿಂದ ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಅಡ್ಡಿ ಇಲ್ಲ. ಮೇಲಿನ ನ್ಯಾಯಾಲಯಗಳಲ್ಲಿ ಹಳೆಯದನ್ನೇ ಊರ್ಜಿತಗೊಳಿಸಿರಿ ಎಂದು ಕೋರಲೂಬಹುದು. ಆದರೆ ಕಾಗದದ ಮೇಲಿನ ಈ ಸಮಾಧಾನ ವಾಸ್ತವದಲ್ಲಿ ಎಷ್ಟು ಬೆಲೆಯದು? ಅಷ್ಟರಲ್ಲಿ ತಡೆಯಾಜ್ಞೆ ತೆರವಾಗಿರುತ್ತದೆ, ಯಾವ ನ್ಯಾಯಾಲಯಕ್ಕೆ ಹೆದರಿ ಅರ್ಜಿ ಹಾಕಿದ್ದರೋ ಅಲ್ಲೇ ಸಾಕ್ಷಿಗಳ ವಿಚಾರಣೆ ಶುರುವಾಗಿರುತ್ತದೆ. ಇನ್ನೊಂದು ತೊಡಕೂ ಇದೆ. ಒಂದೇ ಸೆಷನ್ಸ್ ವಿಭಾಗದೊಳಗಿನ ವರ್ಗಾವಣೆಗೆ ಮೊದಲು ಸೆಷನ್ಸ್ ನ್ಯಾಯಾಧೀಶರನ್ನೇ ಕೇಳಬೇಕು. ಅವರು ತಿರಸ್ಕರಿಸಿದ ನಂತರವೇ ಹೈಕೋರ್ಟು. ಬರಲಿಲ್ಲವೆಂದು ವಜಾ ಆದದ್ದನ್ನು ತಿರಸ್ಕಾರ ಎನ್ನುವುದೇ, ಇಲ್ಲವೇ? ಬಡ ಕಕ್ಷಿದಾರ ಈ ಚರ್ಚೆಗೂ ವಕೀಲರ ಶುಲ್ಕ ಕಟ್ಟಬೇಕು.

ದೂರದ ಮಾತನ್ನೂ ಮರೆಯುವಂತಿಲ್ಲ. 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾಗುವವರೆಗೆ ಬೀದರಿನ ಕಕ್ಷಿದಾರ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೇ ಬರಬೇಕಿತ್ತು. ಆ ಪೀಠಗಳು ಖಾಯಂ ಆದದ್ದು 2013ರಲ್ಲಿ.

ಹಾಶಿಂಪುರದ ಲೆಕ್ಕ

ಗೈರುಹಾಜರಿಯ ತೂಕ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ತಿಳಿಯಲು ಹಾಶಿಂಪುರದ ಮೊಕದ್ದಮೆಗಿಂತ ದೊಡ್ಡ ಪಾಠ ಬೇಕಿಲ್ಲ.

1987ರ ಮೇ 22, ರಮಝಾನಿನ ಕೊನೆಯ ಶುಕ್ರವಾರ. ಗಲಭೆಗ್ರಸ್ತ ಮೀರತ್ತಿನ ಹಾಶಿಂಪುರ ಬಡಾವಣೆಯಿಂದ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯಾದ ಪಿ.ಎ.ಸಿ.ಯ ಸಿಬ್ಬಂದಿ ಮುಸ್ಲಿಂ ಪುರುಷರನ್ನು ಟ್ರಕ್ಕಿನಲ್ಲಿ ತುಂಬಿಕೊಂಡು ಹೋದರು. ಮುರಾದ್‌ನಗರದ ಗಂಗಾ ಕಾಲುವೆಯ ಬಳಿ ಮತ್ತು ಮಕನ್‌ಪುರದ ಹತ್ತಿರ ಗುಂಡಿಕ್ಕಿ ನೀರಿಗೆಸೆದರು. ಸತ್ತವರು ಸುಮಾರು 40 ಮಂದಿ. ಕೆಲವರು ಸತ್ತಂತೆ ನಟಿಸಿ ಬದುಕುಳಿದರು. ಅಂದು ಗಾಜಿಯಾಬಾದಿನ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ವಿಭೂತಿ ನಾರಾಯಣ ರಾಯ್ ಮೊಕದ್ದಮೆ ದಾಖಲಿಸಿದರು. 19 ಸಿಬ್ಬಂದಿಯ ಮೇಲೆ ಗಾಜಿಯಾಬಾದ್ ನ್ಯಾಯಾಲಯಕ್ಕೆ ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು 1996ರಲ್ಲಿ, ಒಂಬತ್ತು ವರ್ಷಗಳ ಬಳಿಕ.

ಅನಂತರ ನಡೆದದ್ದೇನು? ಆರೋಪಿಗಳು ನ್ಯಾಯಾಲಯಕ್ಕೆ ಬರಲೇ ಇಲ್ಲ. 6 ಸಲ ಜಾಮೀನು ಸಹಿತ ವಾರಂಟು, 17 ಸಲ ಜಾಮೀನುರಹಿತ ವಾರಂಟು ಹೊರಟವು. ಅವರು ಎಲ್ಲೋ ತಲೆಮರೆಸಿಕೊಂಡವರಲ್ಲ, ಸರ್ಕಾರದ ಸಂಬಳ ಪಡೆಯುತ್ತಿದ್ದವರು. ಆದರೂ ವಾರಂಟು ಅವರನ್ನು ತಲುಪಲಿಲ್ಲ. 2000ದಲ್ಲಿ 16 ಮಂದಿ ಶರಣಾದರು. ಆರೋಪಿಗಳ ವರ್ಷಗಟ್ಟಲೆಯ ಗೈರುಹಾಜರಿಯನ್ನು ವ್ಯವಸ್ಥೆ ತಾಳ್ಮೆಯಿಂದ ಸಹಿಸಿಕೊಂಡಿತು.

ಗಾಜಿಯಾಬಾದಿನಲ್ಲಿ ಮೊಕದ್ದಮೆ ಮುಂದೆ ಹೋಗದು ಎಂದು ಮನಗಂಡ ಸಂತ್ರಸ್ತರ ಕುಟುಂಬಗಳು ವರ್ಗಾವಣೆ ಕೋರಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವು. 2002ರ ಸೆಪ್ಟೆಂಬರಿನಲ್ಲಿ ಮೊಕದ್ದಮೆ ದಿಲ್ಲಿಗೆ ವರ್ಗವಾಯಿತು. ಅಲ್ಲಿಯೂ ಆರೋಪ ಹೊರಿಸಲು 2006 ಬರಬೇಕಾಯಿತು. 2015ರ ಮಾರ್ಚ್ 21ರಂದು ವಿಚಾರಣಾ ನ್ಯಾಯಾಲಯ ಸಂಶಯದ ಲಾಭ ನೀಡಿ ಎಲ್ಲರನ್ನೂ ಬಿಡುಗಡೆ ಮಾಡಿತು. 2018ರ ಅಕ್ಟೋಬರ್ 31ರಂದು ದಿಲ್ಲಿ ಹೈಕೋರ್ಟು ಆ ತೀರ್ಪನ್ನು ರದ್ದುಪಡಿಸಿ 16 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಘಟನೆ ನಡೆದು 31 ವರ್ಷ ಕಳೆದಿತ್ತು.

ಓದುಗರು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದೆಡೆ 23 ವಾರಂಟುಗಳಾದರೂ ಬಾರದ ಆರೋಪಿಗಳು. ಇನ್ನೊಂದೆಡೆ ಕೂಗಿದಾಗ ಓಗೊಡಲೇಬೇಕಾದ ಅರ್ಜಿದಾರರು. ಆ ವಿಧವೆಯರು, ಆ ಮುದುಕ ತಂದೆಯರು ವರ್ಗಾವಣೆ ಅರ್ಜಿಯ ವಿಚಾರಣೆಯಂದು ತಮ್ಮ ಪರವಾಗಿ ನಿಲ್ಲುವವರಿಲ್ಲದೆ ಉಳಿದಿದ್ದರೆ? ಅರ್ಜಿ ಒಂದೇ ಸಾಲಿನಲ್ಲಿ ಮುಗಿದುಹೋಗಬಹುದಿತ್ತು. ಅವರ ಪರವಾಗಿ ವಾದಿಸುವವರಿದ್ದರು, ಅದಕ್ಕೇ ಮೊಕದ್ದಮೆ ಉಳಿಯಿತು.

ಇಲ್ಲದವರ ಪರವಾಗಿ ನಿಂತವರು

ವರ್ಗಾವಣೆಯ ಚರಿತ್ರೆಯಲ್ಲಿ ಗೆದ್ದ ಅರ್ಜಿಗಳನ್ನು ಗಮನಿಸಿದರೆ ಹೆಚ್ಚಿನವುಗಳ ಹಿಂದೆ ಯಾರಾದರೂ ಬಲವಾಗಿ ನಿಂತಿರುವುದು ಕಾಣುತ್ತದೆ. 2002ರ ಮಾರ್ಚ್ 1ರಂದು ವಡೋದರದ ಬೆಸ್ಟ್ ಬೇಕರಿಯಲ್ಲಿ 14 ಮಂದಿಯನ್ನು ಕೊಲ್ಲಲಾಯಿತು. 2003ರ ಜೂನಿನಲ್ಲಿ 21 ಆರೋಪಿಗಳೂ ಖುಲಾಸೆಯಾದರು. ಆಗ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಇತ್ತು. 2004ರ ಏಪ್ರಿಲ್ 12ರಂದು ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶವಾಯಿತು. 2006ರಲ್ಲಿ ಮುಂಬೈ ನ್ಯಾಯಾಲಯ 9 ಮಂದಿಯನ್ನು ಅಪರಾಧಿಗಳೆಂದು ಘೋಷಿಸಿತು. 2012ರಲ್ಲಿ ಬೊಂಬಾಯಿ ಹೈಕೋರ್ಟು ಅವರಲ್ಲಿ 4 ಮಂದಿಯ ಶಿಕ್ಷೆಯನ್ನು ಎತ್ತಿಹಿಡಿದು ಉಳಿದವರನ್ನು ಬಿಡುಗಡೆ ಮಾಡಿತು.

ಕಠುವಾದಲ್ಲಿ ಬಕರ್ವಾಲ್ ಸಮುದಾಯದ 8 ವರ್ಷದ ಬಾಲಕಿಯ ಹತ್ಯೆಯಾದಾಗ ಆಕೆಯ ತಂದೆಯ ಅರ್ಜಿಯ ಮೇಲೆ 2018ರ ಮೇ 7ರಂದು ವಿಚಾರಣೆ ಪಂಜಾಬಿನ ಪಠಾಣ್‌ಕೋಟಿಗೆ ವರ್ಗವಾಯಿತು. ಒಂದು ವರ್ಷ ಕಳೆದು ಕೆಲವೇ ವಾರಗಳಲ್ಲಿ, 2019ರ ಜೂನ್ 10ರಂದು, ಏಳು ಮಂದಿಯಲ್ಲಿ ಆರು ಮಂದಿ ಅಪರಾಧಿಗಳೆಂದು ತೀರ್ಪಾಯಿತು.

ನಮ್ಮ ಬೆಂಗಳೂರಿಗೆ ಬಂದ ಪ್ರಸಿದ್ಧ ಮೊಕದ್ದಮೆಯೂ ಇದೇ ಪಾಠ ಹೇಳುತ್ತದೆ. ಜಯಲಲಿತಾ ಮುಖ್ಯಮಂತ್ರಿಯಾಗಿದ್ದಾಗ ಅವರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆ ಚೆನ್ನೈಯಲ್ಲಿ ನಿಷ್ಪಕ್ಷಪಾತವಾಗಿ ನಡೆಯದು ಎಂದು ಅರ್ಜಿ ಹಾಕಿದವರು ಡಿ.ಎಂ.ಕೆ.ಯ ಕೆ. ಅನ್ಬಳಗನ್. ರಾಜಕೀಯ ಎದುರಾಳಿಗೆ ಇಂತಹ ಅರ್ಜಿ ಹಾಕುವ ಹಕ್ಕಿದೆಯೇ ಎಂಬ ಆಕ್ಷೇಪವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. 2003ರ ನವೆಂಬರ್ 18ರಂದು ಮೊಕದ್ದಮೆಯನ್ನು ಬೆಂಗಳೂರಿಗೆ ಕಳುಹಿಸಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ತೀರ್ಪು ಬಂತು. ಒಂದು ರಾಜಕೀಯ ಪಕ್ಷದ ಬಲವಿದ್ದವರ ಅರ್ಜಿ ವಕೀಲರಿಲ್ಲದೆ ಬಿದ್ದುಹೋಗುವ ಭಯ ಇರಲಿಲ್ಲ.

ವರ್ಗಾವಣೆ ಕೇಳಿದವರಿಗೆಲ್ಲ ಕೊಡಬೇಕು ಎಂದು ನಾವು ಹೇಳುತ್ತಿಲ್ಲ. ಕೊಯಮತ್ತೂರು ಸ್ಫೋಟ ಮೊಕದ್ದಮೆಯನ್ನು ತಮಿಳುನಾಡಿನಿಂದ ಹೊರಕ್ಕೆ ವರ್ಗಾಯಿಸಬೇಕೆಂಬ ಅಬ್ದುಲ್ ನಾಸರ್ ಮಅದನಿಯವರ ಅರ್ಜಿಯನ್ನು 2000ದಲ್ಲಿ ಸುಪ್ರೀಂ ಕೋರ್ಟು ತಿರಸ್ಕರಿಸಿತು. ಭಯ ಎಂದರೆ ಸಾಲದು, ಅದಕ್ಕೆ ತಕ್ಕ ಕಾರಣ ಕಾಣಬೇಕು ಎಂಬುದು ಅದರ ಸಾರ. 2007ರ ಆಗಸ್ಟಿನಲ್ಲಿ ಅದೇ ಕೊಯಮತ್ತೂರಿನ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆ ತಿರಸ್ಕಾರ ಅರ್ಜಿದಾರರಿಗೆ ಕಹಿಯಾಗಿದ್ದಿರಬಹುದು. ಆದರೆ ಅದರಲ್ಲಿ ಕಾರಣವಿತ್ತು. ಯಾರು ಬೇಕಾದರೂ ಓದಿ ಒಪ್ಪಬಹುದು, ಒಪ್ಪದಿರಬಹುದು. ಗೈರುಹಾಜರಿಯ ವಜಾದಲ್ಲಿ ಓದಲು ಏನೂ ಇರುವುದಿಲ್ಲ. ಅರ್ಜಿದಾರನ ಭಯ ನಿಜವೋ ಸುಳ್ಳೋ ಎಂಬುದನ್ನು ಯಾರೂ ನೋಡಿಯೇ ಇರುವುದಿಲ್ಲ.

ದಾರಿ ಇಲ್ಲದೇನಿಲ್ಲ

ಹೊಸ ಕಾನೂನು ಬೇಕೆಂದೇನಿಲ್ಲ. ಇರುವ ಕಾನೂನಿನಲ್ಲೇ ದಾರಿಗಳಿವೆ. ಅರ್ಜಿ ಇಲ್ಲದೆಯೂ, ಸ್ವಇಚ್ಛೆಯಿಂದ ಅಥವಾ ಕೆಳ ನ್ಯಾಯಾಲಯದ ವರದಿಯ ಮೇಲೆ ಮೊಕದ್ದಮೆ ವರ್ಗಾಯಿಸುವ ಅಧಿಕಾರ ಹೈಕೋರ್ಟಿಗೆ ಹಿಂದಿನಿಂದಲೂ ಇದೆ. ಅರ್ಜಿಯೇ ಇಲ್ಲದೆ ನೋಡಬಲ್ಲ ನ್ಯಾಯಾಲಯ, ಅರ್ಜಿ ಮತ್ತು ಪ್ರಮಾಣಪತ್ರ ಎದುರಿಗಿರುವಾಗ ಅರ್ಜಿದಾರ ಇಲ್ಲವೆಂದು ಅದನ್ನು ಓದದಿರುವುದೇಕೆ? ಬಾನಿ ಸಿಂಗ್ ತೀರ್ಪು ಮೇಲ್ಮನವಿಗೆ ತೋರಿದ ಮಧ್ಯಮ ಮಾರ್ಗ ಇಲ್ಲಿಗೂ ಒಪ್ಪುತ್ತದೆ. ಮುಂದೂಡುತ್ತಾ ಕೂರುವುದು ಬೇಡ, ಓದದೆ ಎಸೆಯುವುದೂ ಬೇಡ. ಕಾರಣ ಬರೆದು ತೀರ್ಮಾನಿಸಲಿ. ಅಗತ್ಯ ಕಂಡರೆ ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ವಕೀಲರನ್ನು ನೇಮಿಸಲಿ. ಫಿರ್ಯಾದಿಗೆ 30 ದಿನ ಕೊಟ್ಟ ಹೊಸ ಸಂಹಿತೆಯ ಔದಾರ್ಯ ಜೀವಭಯದಿಂದ ವರ್ಗಾವಣೆ ಕೇಳಿದವಳಿಗೂ ಸಿಗಲಿ. ವಿಡಿಯೋ ಮೂಲಕ ಹಾಜರಾಗಲು ಹಿಂದೆಂದಿಗಿಂತ ಹೆಚ್ಚು ಅವಕಾಶವಿರುವ ಈ ಕಾಲದಲ್ಲಿ ದೂರವೇ ಶಿಕ್ಷೆಯಾಗಬೇಕಿಲ್ಲ.

ಸಮಾಜದ ಹೊಣೆಯೂ ಕಡಿಮೆಯದ್ದಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು, ಕೋಮು ಹಿಂಸೆಯ ಸಂತ್ರಸ್ತರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಇದನ್ನು ತಿಳಿಯದ ಕುಟುಂಬಗಳು ನಮ್ಮ ಮೊಹಲ್ಲಾಗಳಲ್ಲೂ ಕೇರಿಗಳಲ್ಲೂ ಎಷ್ಟೋ ಇವೆ. ದಂಗೆ ನಡೆದಾಗ ಅಕ್ಕಿ, ಬಟ್ಟೆ ಹಂಚುವ ನಮ್ಮ ಸಂಘ-ಸಂಸ್ಥೆಗಳು ವರ್ಷಗಳ ಬಳಿಕ ಅದೇ ಕುಟುಂಬದ ಮೊಕದ್ದಮೆ ವಾಯಿದೆಗೆ ಬಂದಾಗ ಎಲ್ಲಿರುತ್ತವೆ? ಪರಿಹಾರ ಶಿಬಿರ ಕೆಲವು ವಾರಗಳದ್ದು, ನ್ಯಾಯಾಲಯದ ಓಡಾಟ ದಶಕಗಳದ್ದು. ವಾಯಿದೆಯ ದಿನಾಂಕವನ್ನು ಬರೆದಿಟ್ಟುಕೊಂಡು ಜೊತೆಗೊಬ್ಬರನ್ನು ಕಳುಹಿಸುವುದು, ವಕೀಲರು ಹಾಜರಾಗುತ್ತಾರೋ ಎಂದು ಮುಂಚಿನ ದಿನ ವಿಚಾರಿಸುವುದು, ಬರಲಾಗದಿದ್ದರೆ ಕಾರಣವನ್ನು ಬರಹದಲ್ಲಿ ನ್ಯಾಯಾಲಯಕ್ಕೆ ತಲುಪಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಹಾಶಿಂಪುರದ ಕುಟುಂಬಗಳ ಜೊತೆ ಮೂರು ದಶಕ ಕೆಲವರು ಇದನ್ನೇ ಮಾಡಿದರು. ತೀರ್ಪು ಬಂದ ದಿನ ಕೂಗಿದಾಗ ಓಗೊಡಲು ಅಲ್ಲಿ ಜನರಿದ್ದರು.